ಗಂಗಾಧರಯ್ಯನವರ ಕಣ್ಣು

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದುಗಡೆ ಸ್ಟುಡಿಯೋ ಇಟ್ಟಿದ್ದ ಓಂಕಾರೇಶನಿಗೆ ಸತ್ತವರ ಕಣ್ಣು ತೆರೆಸುವುದರಲ್ಲಿ ಒಳ್ಳೆಯ ಹೆಸರಿತ್ತು. ಆ ಕಡೆಯ ಶಿವಭಕ್ತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ; ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕಿ ಕೂರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕ ಕುಳಿತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಬೇರೆ ಫೋಟೋ ಇಲ್ಲದವರಿಗೆ ಮುಂದೆ ಅದೇ ಗೋಡೆಯ ಪಟ. ಆದರೆ ಮುಚ್ಚಿದ ಕಣ್ಣನ್ನು ದಿನಾ ನೋಡುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಓಂಕಾರೇಶ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ಕೊಡುತ್ತಿದ್ದ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಪಂಚನಹಳ್ಳಿಯ ಗಂಗಾಧರಯ್ಯ ತೀರಿಕೊಂಡಾಗಲೂ ಕರೆ ಬಂದದ್ದು ಅವನಿಗೇ. ಆ ಮನೆಯ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ತೆಗೆದವನು ಅವನೇ. ಹಾಗಿದ್ದೂ ಗಂಗಾಧರಯ್ಯನವರ ನೆಟ್ಟಗಿನ ಒಂದು ಫೋಟೋ ಇರಲಿಲ್ಲ. ಆ ಮನುಷ್ಯನಿಗೆ ಕ್ಯಾಮೆರಾ ಕಂಡರೆ ಆಗದು. ಬಲವಂತಕ್ಕೆ ಸಾಲಿನಲ್ಲಿ ನಿಂತರೂ ಫ್ಲ್ಯಾಶ್ ಮಿಂಚುವ ಗಳಿಗೆಗೆ ಸರಿಯಾಗಿ ಕಣ್ಣು ಮುಚ್ಚಿಬಿಡುತ್ತಿದ್ದರು. ಆಧಾರ್ ಕಾರ್ಡಿನಲ್ಲಿದ್ದದ್ದು ಮುಖವೋ ಮಸಿಯೋ ದೇವರಿಗೇ ಗೊತ್ತು.

ಶಿವಗಣಾರಾಧನೆಯ ಹೊತ್ತಿಗೆ ದೊಡ್ಡ ಪಟ ಬೇಕೆಂದು ಹಿರಿಮಗ ಶಿವಕುಮಾರ ಹೇಳಿಹೋದ. ಓಂಕಾರೇಶ ಯೋಚನೆ ಮಾಡಿದ. ಯಾವುದೋ ಊರಿನ ಯಾರದೋ ಕಣ್ಣು ಹಾಕುವುದಕ್ಕಿಂತ ಮಗನದೇ ಹಾಕಿದರೆ ವಾಸಿಯಲ್ಲವೇ? ಹೋಲಿಕೆಯೂ ಇದೆ, ರಕ್ತವೂ ಒಂದೇ. ಶಿವಕುಮಾರನ ಮದುವೆಯ ಫೋಟೋದಿಂದ ಕಣ್ಣು ತೆಗೆದು, ಸುತ್ತ ನಾಲ್ಕು ಸುಕ್ಕು ಎಳೆದು, ತಾನು ತೆಗೆದಿದ್ದ ತಂದೆಯ ಕೊನೆಯ ಫೋಟೋದ ಮುಖದಲ್ಲಿ ಕೂರಿಸಿದ. ಮುಗಿದ ಮೇಲೆ ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಆರಾಧನೆಯ ಹಿಂದಿನ ದಿನ ಬೆಳಿಗ್ಗೆ ಪಟವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪಂಚನಹಳ್ಳಿಗೆ ಹೋದ. ಪಡಸಾಲೆಯಲ್ಲಿ ಕಾಗದ ಬಿಚ್ಚಿದಾಗ ಸೊಸೆ ಸುಮನಾ, ಮಾವನೇ ಎದ್ದು ಬಂದು ಕೂತಂತಿದೆ ಎಂದು ಕಣ್ಣೊರೆಸಿಕೊಂಡಳು. ಬಂದಿದ್ದ ನೆಂಟರು ಹೌದು ಹೌದೆಂದರು. ಗಂಗಾಧರಯ್ಯನವರ ಹೆಂಡತಿ ತೀರ್ಥಮ್ಮ ಕೈಯಲ್ಲಿ ಹಾರ ಹಿಡಿದು ಹತ್ತಿರ ಬಂದರು. ಕನ್ನಡಕ ಸರಿಮಾಡಿಕೊಂಡು ನೋಡಿದವರು ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು.

"ಇವು ನಮ್ ಶಿವುನ ಕಣ್ಣು."

ಓಂಕಾರೇಶ ಬೆಳಕು, ಪ್ರಿಂಟು ಎಂದು ಏನೋ ತಡವರಿಸಿದ. ತೀರ್ಥಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಹೆತ್ತೋಳಿಗೆ ಗೊತ್ತಾಗಲ್ವೇನಪ್ಪಾ? ಬದುಕಿರೋ ಮಗನ ಕಣ್ಣಿಗೆ ಹಾರ ಹಾಕಿ ಎಡೆ ಇಡು ಅಂತೀಯಲ್ಲ. ನನ್ ಕೈಲಿ ಆಗಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಓಂಕಾರೇಶನಿಗೆ ಅದೇ ಹೆಚ್ಚು ಚುಚ್ಚಿತು. ತಾಯಿಯನ್ನು ಸಮಾಧಾನ ಮಾಡಲು ಬಂದ ಶಿವಕುಮಾರ ಪಟದೊಳಗಿಂದ ತಾನೇ ತನ್ನನ್ನು ನೋಡುತ್ತಿರುವುದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಈ ಪಟ ಇಟ್ಟರೆ ನಾಳೆ ತಾನು ಪೂಜೆಗೆ ಕೂರುವುದಿಲ್ಲವೆಂದು ತೀರ್ಥಮ್ಮ ಹೇಳಿ ಒಳಗೆ ಹೋದರು. ಗಂಡನ ಆರಾಧನೆಯಲ್ಲಿ ಹೆಂಡತಿಯೇ ಕೂರದಿದ್ದರೆ ಅದಕ್ಕಿಂತ ಸಂಕಟ ಇನ್ನೇನಿದೆ? ಓಂಕಾರೇಶ ಪಟವನ್ನು ಮತ್ತೆ ಬೈಕಿಗೆ ಕಟ್ಟಿದ.

ಸ್ಟುಡಿಯೋಗೆ ಬಂದು ಆ ಮನೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದ. ಧಾರೆಯಲ್ಲಿ ಕಣ್ಣು ಮುಚ್ಚಿದ್ದರು, ಆರತಕ್ಷತೆಯಲ್ಲಿ ಮುಚ್ಚಿದ್ದರು, ಮೊಮ್ಮಗುವನ್ನು ಎತ್ತಿಕೊಂಡಾಗಲೂ ಮುಚ್ಚಿದ್ದರು. ಸುತ್ತಮುತ್ತಲ ಊರಿನವರಿಗೆಲ್ಲ ತಾನು ಹೇಳಿಕೊಂಡು ಬಂದದ್ದು ಒಂದೇ ಮಾತು: ಇತ್ತ ನೋಡಿ, ಸ್ವಲ್ಪ ನಗಿ. ಜನ ನೋಡಿದ್ದರು, ನಕ್ಕಿದ್ದರು, ಎಲ್ಲರ ಮುಖವೂ ಒಂದೇ ಥರ ಇತ್ತು. ರಜೆ ಸಿಕ್ಕಾಗ ಲಕ್ಕವಳ್ಳಿಯ ಹಿನ್ನೀರಿಗೆ ಹೋಗಿ ಹಕ್ಕಿ ತೆಗೆಯುವಾಗ ಹೀಗೆ ಹೇಳಿದ್ದುಂಟೇ? ಅಲ್ಲಿ ಸುಮ್ಮನೆ ಕಾಯುತ್ತಿದ್ದ. ಹಕ್ಕಿ ತನ್ನ ಪಾಡಿಗೆ ತಾನಿರುತ್ತಿತ್ತು.

ಆ ಯೋಚನೆಯಲ್ಲೇ, ಗಿರಾಕಿಗಳಿಗಲ್ಲದೆ ತನ್ನ ಖುಷಿಗೆಂದು ತೆಗೆದಿದ್ದ ಫೋಟೋಗಳನ್ನು ತೆರೆದ. ಹಿನ್ನೀರಿನ ಹಕ್ಕಿ, ಎಮ್ಮೆದೊಡ್ಡಿಯ ಕಾವಲಿನಲ್ಲಿ ಮೇಯುವ ದನ, ಅಜ್ಜಂಪುರದಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜು. ಹರಾಜಿನ ಒಂದು ಫೋಟೋದಲ್ಲಿ ಒಂದು ಬದಿಗೆ ಕೊಂಬು ಮೂಡುತ್ತಿದ್ದ ಕರು, ಅದರಾಚೆ ಬೇಲಿ, ಬೇಲಿಗೆ ಒರಗಿ ಗಂಗಾಧರಯ್ಯ. ಹೆಗಲಿನ ಟವೆಲು ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ. ಕಣ್ಣು ಪೂರ್ತಿ ತೆರೆದಿತ್ತು.

ಓಂಕಾರೇಶನಿಗೆ ಎದೆ ತುಂಬಿ ಬಂತು. ಮರುಕ್ಷಣವೇ ಕಸಿವಿಸಿಯಾಯಿತು. ಅವರು ನೋಡುತ್ತಿದ್ದದ್ದು ಪಕ್ಕಕ್ಕೆ. ಗೋಡೆಯ ಪಟವೆಂದರೆ ನೋಡುವವರನ್ನು ನೋಡಬೇಕು. ನೋಟ ತಿರುಗಿಸುವುದು ಅವನಿಗೆ ದೊಡ್ಡ ಕೆಲಸವೇನಾಗಿರಲಿಲ್ಲ. ಆದರೆ ಮತ್ತೆ ಆ ಕಣ್ಣಿಗೆ ಕೈ ಹಾಕಲು ಮನಸ್ಸು ಒಪ್ಪಲಿಲ್ಲ. ಕರುವನ್ನು ಮಾತ್ರ ಫೋಟೋದಿಂದ ಕತ್ತರಿಸಿ ತೆಗೆದು, ಮುಖವನ್ನು ಇದ್ದ ಹಾಗೇ ದೊಡ್ಡದು ಮಾಡಿ ಕಟ್ಟು ಹಾಕಿಸಿದ.

ಮಾರನೆಯ ಬೆಳಿಗ್ಗೆ ಮಠದ ಅಯ್ಯನವರು ಬಂದು ಕುಳಿತಿದ್ದರು. ಪಟ ಬಿಚ್ಚಿದಾಗ ಶಿವಕುಮಾರನ ಮುಖ ಸಪ್ಪಗಾಯಿತು. ಅಪ್ಪ ನಮ್ಮ ಕಡೆ ನೋಡುತ್ತಲೇ ಇಲ್ಲವಲ್ಲ ಎಂದ. ತೀರ್ಥಮ್ಮ ಅವನನ್ನು ಸರಿಸಿ ಮುಂದೆ ಬಂದರು. ತುಂಬ ಹೊತ್ತು ನೋಡಿ, ಏನನ್ನು ನೋಡುತ್ತಿದ್ದರೆಂದು ಓಂಕಾರೇಶನನ್ನು ಕೇಳಿದರು. ಹೋರಿಕರುವನ್ನು ಎಂದ ಅವನು, ಅಳುಕುತ್ತಲೇ.

ತೀರ್ಥಮ್ಮನಿಗೆ ನಗು ಬಂತು. ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಗುತ್ತಲೇ ಕಣ್ಣು ತುಂಬಿಕೊಂಡಿತು.

"ದನ ನೋಡೋವಾಗ ಇವ್ರ ಮುಖ ಹಿಂಗೇ ಅರಳೋದು. ನನ್ನ ಒಂದಿನಾನೂ ಹಿಂಗೆ ನೋಡ್ಲಿಲ್ಲ ಕಣಪ್ಪ. ಇರ್ಲಿ, ಇವ್ರೇ ನಮ್ಮೋರು."

ಹಾರವನ್ನು ಅವರೇ ಹಾಕಿದರು. ಎಡೆ ಬಂತು, ಪೂಜೆಗೆ ಎಲ್ಲರೂ ಪಟದ ಎದುರಿಗೆ ಕುಳಿತರು. ನಡುವೆ ತೀರ್ಥಮ್ಮನಿಗೆಂದು ಜಾಗ ಬಿಟ್ಟಿದ್ದರು. ಅವರು ಅಲ್ಲಿ ಕೂರಲಿಲ್ಲ. ಚಾಪೆಯನ್ನು ಎಳೆದುಕೊಂಡು ಎಡಗಡೆಯ ಗೋಡೆಯ ಹತ್ತಿರ ಹೋದರು. ಪಟದತ್ತ ಒಮ್ಮೆ ತಿರುಗಿ ನೋಡಿ, ಚಾಪೆಯನ್ನು ಇನ್ನೊಂದಿಷ್ಟು ಆಚೆಗೆ ಸರಿಸಿದರು. ಅತ್ತೆ, ಮಧ್ಯಕ್ಕೆ ಬನ್ನಿ ಎಂದು ಸುಮನಾ ಕರೆದಳು.

"ಇಲ್ಲೇ ಸರಿಯಾಗೈತೆ ಕಣೇ" ಎಂದು ತೀರ್ಥಮ್ಮ ಸೆರಗು ಸರಿಮಾಡಿಕೊಂಡು, ಗಂಡನ ನೋಟ ಬೀಳುವ ಕಡೆ ಕುಳಿತರು.