ಹೊಸ ಫೋನಿಗೊಂದು ತಿದ್ದುಪಡಿ

ಡಬ್ಬಿಗಳನ್ನೆಲ್ಲ ಇಳಿಸಿ ಅಡುಗೆಮನೆಯ ಕಪಾಟು ಒರೆಸುತ್ತಿದ್ದ ಅತ್ತೆ ಕೂಗಿದರು: "ಏನೇ, ಇವತ್ತಿನ ಪೇಪರ್‌ನಲ್ಲಿ ಬರ್ದಿದ್ದೀಯಲ್ಲ ಹೊಸ ಫೋನು, ಅದು ಹೋದ್ವರ್ಷಾನೇ ಬಂದಿತ್ತಾ?"

ಸೊಸೆ ದಿನಪತ್ರಿಕೆಯೊಂದರಲ್ಲಿ ಫೋನುಗಳ ವಿಮರ್ಶೆ ಬರೆಯುವವಳು. "ಇಲ್ಲ ಅತ್ತೆ, ಮೊನ್ನೆ ತಾನೇ ಬಿಡುಗಡೆ ಆಗಿದ್ದು."

"ಮತ್ತೆ ಇಲ್ಲೂ ಅದೇ ಇದೆಯಲ್ಲೇ!" ಅತ್ತೆ ಕಪಾಟಿಗೆ ಹಾಸಿದ್ದ ಹಳೆಯ ಪುಟ ತೋರಿಸಿದರು. ಅದರ ಮೇಲೆ ಎಣ್ಣೆ ಡಬ್ಬಿಯ ಗುಂಡನೆಯ ಕಲೆ. "'ಅಂಗೈಯಲ್ಲಿ ಬೆಳುದಿಂಗಳು ಕೂತಂತೆ' ಅಂತ ಬರ್ದಿದ್ದೀಯ. ಅಂಗೈನೂ ಅದೇ, ಬೆಳುದಿಂಗಳೂ ಅದೇ."

ಸೊಸೆ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಅಕ್ಷರಕ್ಕೆ ಅಕ್ಷರ ಒಂದೇ. ಪ್ರತಿ ವರ್ಷ ಅವಳು ಹಳೆಯ ವಿಮರ್ಶೆಯನ್ನೇ ತೆರೆದು ಅದರ ಮೇಲೆ ಹೊಸದನ್ನು ಬರೆಯುತ್ತಿದ್ದಳು. ಈ ಸಲ ಹೆಸರು, ಬೆಲೆ ಬದಲಿಸಿದ್ದಳಷ್ಟೇ, ಯಾರೋ ಕರೆದರು. ಎದ್ದು ಹೋಗಿ ಬಂದವಳು ಮುಗಿಯಿತೆಂದುಕೊಂಡು ಕಳಿಸಿಬಿಟ್ಟಿದ್ದಳು.

ಅವಳ ಬರಹಕ್ಕೆ ಇದುವರೆಗೆ ಒಂದು ತಿದ್ದುಪಡಿಯೂ ಅಚ್ಚಾಗಿರಲಿಲ್ಲ. ಬೇರೆಯವರ ತಪ್ಪು ಹೆಕ್ಕುವುದರಲ್ಲಿ ಮಾತ್ರ ಎತ್ತಿದ ಕೈ. ಅದಕ್ಕೇ ಕಚೇರಿಯಲ್ಲಿ ಅವಳಿಗೆ 'ಜರಡಿ' ಎಂದು ಹೆಸರು. ಈಗ ಬಾಯಿ ಮುಚ್ಚಿಕೊಂಡರೆ ಹೆಸರು ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ನೇರ ಸಂಪಾದಕರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು.

"ಯಾರಾದ್ರೂ ಕೇಳಿದ್ರಾ?" ಎಂದರು ಅವರು.

"ಕಂಪನಿಯ ಪ್ರಚಾರದವನು ಫೋನ್ ಮಾಡಿದ್ದ. ವಿಮರ್ಶೆ ತುಂಬಾ ತಾಜಾ ಆಗಿದೆ ಅಂದ."

ಸಂಪಾದಕರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಓದುಗರು?"

"ನಮ್ಮತ್ತೆ ಒಬ್ಬರೇ."

"ಮತ್ತೆ ಸುಮ್ನಿರಲಾರದೆ ಯಾಕಮ್ಮ ಇರುವೆ ಬಿಟ್ಕೊಳ್ತೀಯಾ?"

"ಬೇರೆಯವರು ಮಾಡಿದ್ರೆ ನಾನು ಬಿಡ್ತಿದ್ನಾ ಸರ್?"

"ಸರಿ. ತಪ್ಪಾಗಿರೋ ಸಾಲು ತೋರ್ಸು, ತಿದ್ದುಪಡಿ ಹಾಕೋಣ."

ಎರಡು ವರ್ಷಗಳ ಎರಡು ಫೋನುಗಳನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಳು. ಎರಡರಲ್ಲೂ ಅದೇ ಕಿಟಕಿಯ ಚಿತ್ರ ತೆಗೆದಳು. ಯಾವುದು ಯಾವುದರದೆಂದು ಪತ್ರಿಕೆಯ ಛಾಯಾಗ್ರಾಹಕನಿಗೇ ಹೇಳಲಾಗಲಿಲ್ಲ. "ಅವಳಿಜವಳಿ ಮಕ್ಕಳಿಗೆ ಬೇರೆ ಬೇರೆ ಬಣ್ಣದ ಅಂಗಿ ಹಾಕಿದ್ದಾರೆ, ಜರಡಿಯಮ್ಮ," ಎಂದು ಎದ್ದು ಹೋದ. ಸಂಜೆಯಾಗುವಷ್ಟರಲ್ಲಿ ಎರಡರ ಬ್ಯಾಟರಿಯೂ ಒಟ್ಟಿಗೇ ಬಾಲ ಮುದುರಿತು. ಅವಳು ಪೆನ್ನು ಹಿಡಿದು ವಿಮರ್ಶೆಯಲ್ಲಿ ಸಾಲು ಸಾಲಾಗಿ ಇಳಿದಳು. ಹೊಸ ಫೋನಿಗೆ ಒಂದು ಸಾಲೂ ಸುಳ್ಳಾಗಲೊಲ್ಲದು. ಹಿಂದೆ ಇಂಥ ಫೋನೊಂದು ಮೊದಲ ಸಲ ಕೈಗೆ ಬಂದಾಗ ಮಗುವಿನಂತೆ ಕುಣಿದಿದ್ದಳು. ಈಗ ತನ್ನದೇ ಬೆಳುದಿಂಗಳಿನ ಮೇಲೆ ಉಗಿಯಬೇಕೆನಿಸಿತು.

ಮರುದಿನದ ಪತ್ರಿಕೆಯಲ್ಲಿ, ಅವಳ ಹೆಸರಿನ ಸಮೇತ, ಇಷ್ಟು ಅಚ್ಚಾಯಿತು: 'ನಿನ್ನೆ ಹೊಸ ಫೋನಿನ ಹೆಸರಿನಲ್ಲಿ ಪ್ರಕಟವಾದದ್ದು ಕಳೆದ ವರ್ಷದ ಫೋನಿನ ವಿಮರ್ಶೆ. ತಪ್ಪು ನನ್ನದು. ಎರಡೂ ಫೋನುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದ್ದೇನೆ. ವಿಮರ್ಶೆಯಲ್ಲಿ ಬದಲಿಸಬೇಕಾದದ್ದು ಏನೂ ಸಿಗಲಿಲ್ಲ.'

ಪ್ರಚಾರದವನು ಬೆಳಿಗ್ಗೆಯೇ ಕರೆ ಮಾಡಿದ. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದಳು.

"ಮೇಡಂ, ಎರಡನೇ ದಿನವೂ ನಮ್ಮ ಬಗ್ಗೆ ಹಾಕಿದ್ದೀರಿ, ಥ್ಯಾಂಕ್ಸ್! ಫೋನಿನ ಹೆಸರೂ ಹಾಕಿದ್ದಿದ್ರೆ ಚೆನ್ನಾಗಿರ್ತಿತ್ತು."

ಅವಳು ಕರೆ ಕಡಿದಳು. ಅತ್ತೆ ತಿದ್ದುಪಡಿಯನ್ನು ಎರಡು ಸಲ ಓದಿದರು.

"ಅಳಿಯ ಅಲ್ಲ, ಮಗಳ ಗಂಡ ಅಂದಿದ್ರೆ ಸಾಕಿತ್ತು," ಎಂದು ಆ ಪುಟವನ್ನು ಕಪಾಟಿಗೆ ಹಾಸಿ ಮೇಲೆ ಎಣ್ಣೆ ಡಬ್ಬಿ ಇಟ್ಟರು.