ಶರೀಫಾ ಎರಡೆರಡು ಸಲ ಹೇಳಿದ್ದು

ಮೈಕ್ ಶರೀಫಾಳ ಕೈಗೆ ಬಂತು. ಅವಳು ಎದ್ದು ನಿಂತಳು, ಬಾಯಿ ತೆರೆದಳು, ಆಮೇಲೆ

(ಇಲ್ಲಿಂದ ಶುರು ಮಾಡಬಹುದೇ? ನಾನು ಓದಿದ ಅನುವಾದಗಳೆಲ್ಲ ಹೀಗೆ ನಡುವಿನಿಂದಲೇ ಶುರುವಾಗುತ್ತವೆ. ಓದುಗರೇ, ಗೊಂದಲವಾದರೆ ಹೇಳಿ. ನೀವು ಹೇಳಲಾರಿರಿ, ಗೊತ್ತು. ಸ್ವಲ್ಪ ಹಿಂದಕ್ಕೆ ಹೋಗೋಣ.)

೧

ಬಂದ್ಯೋಡು, ೨೦೧೨. ಬಾಡಿಗೆಯ ಕಟ್ಟಡ ಸೋರುತ್ತದೆಂದು ಅಂಗನವಾಡಿಯನ್ನು ಹೈವೇಯ ಆಚೆಗೆ ಸಾಗಿಸುವ ವಿಷಯ ಗ್ರಾಮಸಭೆಗೆ ಬರಲಿತ್ತು. ಹಾಗಾದರೆ ಶರೀಫಾಳ ಮೂರು ವರ್ಷದ ಮಗಳು ರಿಝ್ವಾನಾ ಸೇರಿ ಈಚೆಯ ಹತ್ತೊಂಬತ್ತು ಮಕ್ಕಳು ದಿನಾ ಲಾರಿಗಳ ನಡುವೆ ರಸ್ತೆ ದಾಟಬೇಕು. ಈಚೆಯಲ್ಲೇ ವಾಚನಾಲಯದ ಹಿಂದಿನ ಕೋಣೆ ಖಾಲಿ ಇರುವುದು ತಾಯಂದಿರಿಗೆಲ್ಲ ಗೊತ್ತು. ಸಭೆಯಲ್ಲಿ ಹೇಳಬೇಕಾದವಳು ಮಹಿಳಾ ಸಂಘದ ಸೆಕ್ರೆಟರಿ ಶರೀಫಾ. ಹಿಂದಿನ ಸಭೆಯಲ್ಲಿ ಅವಳು ಬೇರೇನೋ ಹೇಳಲು ಎದ್ದು ನಿಂತು, ಹೆದರಿ, “ಕುಡೀಲಿಕ್ಕೆ ನೀರು ಉಂಟಾ?” ಎಂದಷ್ಟೇ ಕೇಳಿ ಕೂತಿದ್ದಳು.

೨ (ಹರಿದ ಕರಡು)

ಶರೀಫಾ ಮನೆಯಲ್ಲಿ ಭಾಷಣ ಅಭ್ಯಾಸ ಮಾಡುವಾಗ ಮೈಕ್ ಆನ್ ಆಗಿಯೇ ಇತ್ತು, ಊರಿಡೀ ಕೇಳಿತು ಎಂದು ಬರೆದೆ.

“ಅದು ಸಿನಿಮಾದಲ್ಲಿ ಆಗುದು ಮಾರಾಯ,” ಎಂದಳು ಶರೀಫಾ. “ನಮ್ಮ ಮನೆಗೆ ಮೈಕ್ ಎಲ್ಲಿಂದ?”

೩

ಮೂವತ್ತು ವರ್ಷ, ಮೇಲೆ ಧ್ವನಿವರ್ಧಕದ ಹಾರ್ನ್ ಕಟ್ಟಿದ ಜೀಪಿನೊಳಗೆ ಕೂತು ಫುಟ್‌ಬಾಲ್ ಟೂರ್ನಮೆಂಟ್, ಉರೂಸ್, ರಕ್ತದಾನ ಶಿಬಿರ ಎಲ್ಲವನ್ನೂ ಊರಿಗೆ ಸಾರಿದವರು ಪೊಕ್ಕರ್. ಪೋಲಿಯೋ ಹನಿಯ ಮುನ್ನಾದಿನ ಗಂಟಲು ಕಟ್ಟಿದೆ ಎಂದು ಮೈಕನ್ನು ಶರೀಫಾಳಿಗೆ ಕೊಟ್ಟರು. (ನಿಜಕ್ಕೂ ಕಟ್ಟಿತ್ತೇ? ನಾನು ಕೇಳಿಲ್ಲ. ಕೆಲವು ಉಪಕಾರಗಳನ್ನು ವಿಚಾರಣೆ ಮಾಡಬಾರದು.)

“ಜನ ನೋಡ್ತಾರೆ, ಪೊಕ್ಕರಿಚ್ಚ.”

“ನಿನ್ನನ್ನು ಯಾರು ನೋಡ್ತಾರೆ ಮೋಳೆ? ಮೇಲಿನ ಹಾರ್ನ್ ನೋಡ್ತಾರೆ. ಎಲ್ಲ ಎರಡು ಸಲ ಹೇಳು.”

“ಎರಡು ಸಲ ಎಂತಕ್ಕೆ?”

“ಗಾಡಿ ನಿಲ್ಲುದಿಲ್ಲ ಅಲ್ವಾ? ಈ ಗೇಟಿನವರಿಗೆ ಅರ್ಧ ಕೇಳ್ತದೆ, ಮುಂದಿನ ಗೇಟಿನವರಿಗೆ ಉಳಿದರ್ಧ.”

ಮೊದಲ ದಿನ ಅವಳು ತಲೆ ತಗ್ಗಿಸಿಯೇ ಹೇಳಿದಳು. ಆಮೇಲೆ ನಾಲ್ಕು ಭಾನುವಾರ ಪೊಕ್ಕರರ ಗಂಟಲು ಕಟ್ಟಿತು.

(ಇವರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ; ಇಚ್ಚ ಎಂದರೆ ಅಣ್ಣ, ಮೋಳೆ ಎಂದರೆ ಮಗಳೇ. “ನಿನ್ನ ಕನ್ನಡದಲ್ಲಿ ನಾನು ಭಾರೀ ಪಾಪದವಳ, ಬಾಯಿಯೇ ಇಲ್ಲದವಳ ಹಾಗೆ ಕಾಣ್ತೇನೆ,” ಎಂದು ಶರೀಫಾಳ ದೂರು ಉಂಟು. ದಾಖಲಿಸಿದ್ದೇನೆ.)

೪

ಈಗ ಪುನಃ ಗ್ರಾಮಸಭೆ. ಮೈಕ್ ಕೈಯಲ್ಲಿದೆ, ಬಾಯಿ ತೆರೆದಿದೆ.

“ಹತ್ತೊಂಬತ್ತು ಮಕ್ಕಳು ಹೈವೇ ದಾಟಬೇಕಾಗ್ತದೆ,” ಎಂದಳು. ಜೀಪಿನ ಅಭ್ಯಾಸಬಲದಿಂದ ಮತ್ತೊಮ್ಮೆ, “ಹತ್ತೊಂಬತ್ತು ಮಕ್ಕಳು ಹೈವೇ ದಾಟಬೇಕಾಗ್ತದೆ. ವಾಚನಾಲಯದ ಹಿಂದಿನ ಕೋಣೆ ಖಾಲಿ ಉಂಟು. ವಾಚನಾಲಯದ ಹಿಂದಿನ ಕೋಣೆ ಖಾಲಿ ಉಂಟು.”

“ನಾಡಿದ್ದಿನ ಫೈನಲ್ ಎಷ್ಟು ಗಂಟೆಗೆ ಅಂತ ಸಹ ಹೇಳಿಬಿಡು!” ಹಿಂದಿನ ಸಾಲಿನಿಂದ ಅಂಗಡಿಯ ಅಶ್ಕರ್ ಕೂಗಿದ. ಸಭೆ ನಕ್ಕಿತು. ಅವಳು ಮೈಕ್ ಕೆಳಗಿಳಿಸಿದಳು.

ನಡಾವಳಿ ಬರೆಯುತ್ತಿದ್ದ ಗುಮಾಸ್ತ ವೆಂಕಟಕೃಷ್ಣ ತಲೆ ಎತ್ತಿದರು. “ನೀವು ಸುಮ್ಮನಿರಿ ಮಾರಾಯ್ರೆ. ನೀನು ಹೀಗೇ ಹೇಳಮ್ಮ. ಮೊದಲ ಸಲ ಕೇಳ್ತೇನೆ, ಎರಡನೇ ಸಲ ಬರೀತೇನೆ.”

ಅವಳು ಮುಂದುವರಿಸಿದಳು. ಅಷ್ಟೂ ನಡಾವಳಿಗೆ ಹೋಯಿತು. ವಾರ್ಡ್ ಮೆಂಬರ್ ದೇವಕಿ, ಆ ಕೋಣೆಗೆ ಒಪ್ಪುವವರು ಕೈ ಎತ್ತಿ ಎಂದಾಗ ಅಶ್ಕರನೂ ಎತ್ತಿದ. ಅಂಗನವಾಡಿ ಈಚೆಯೇ ಉಳಿಯಿತು.

(“ಅವಳ ಭಯ ಹೋಯಿತು” ಎಂದು ಬರೆದಿದ್ದೆ. ಶರೀಫಾ ಹೊಡೆದುಹಾಕಿಸಿದಳು: “ಎಲ್ಲಿ ಹೋದದ್ದು? ಮಂಡಿ ನಡುಗ್ತಿತ್ತು. ಪರ್ದಾದ ಒಳಗೆ ಯಾರಿಗೂ ಕಾಣ್ಲಿಲ್ಲ, ಅಷ್ಟೆ.”)

೫

ಹೊಸ ಕೋಣೆಯ ಉದ್ಘಾಟನೆಗೆ ತಾಯಂದಿರು ಸೇರಿ ಶಾಲು ತಂದರು. ಶರೀಫಾ ಪೊಕ್ಕರರ ಮನೆಗೆ ಹೋದಳು, ನಾನೂ ಹೋದೆ.

“ನೀವು ಇಲ್ಲದಿದ್ರೆ ನನ್ನ ಮಗು ಈಗ ಆ ರಸ್ತೆಯಲ್ಲಿ, ಇಚ್ಚ. ಸ್ಟೇಜಿಗೆ ಬರಬೇಕು. ಎರಡು ಮಾತು ಹೇಳಬೇಕು.”

“ಅಷ್ಟು ಜನರ ಎದುರಾ?” ಪೊಕ್ಕರರ ಮುಖ ಬೆವರಿತು. “ಜೀಪಿನ ಹೊರಗೆ ನಾನು ಯಾವತ್ತಾದರೂ ಬಾಯಿ ಬಿಟ್ಟದ್ದುಂಟಾ? ಆಗ್ಲಿಕ್ಕಿಲ್ಲ.”

ಶರೀಫಾ ಶಾಲು ಹಿಡಿದುಕೊಂಡು ನನ್ನ ಕಡೆ ನೋಡಿದಳು. ಅಂತ್ಯ ಕೊಡಬೇಕಾದವನು ನಾನಲ್ಲವೇ?

ಅಂತ್ಯ ಅ: ಪೊಕ್ಕರ್ ಸ್ಟೇಜ್ ಹತ್ತಿ ಮಾತಾಡುತ್ತಾರೆ, ಎಲ್ಲರೂ ಅಳುತ್ತಾರೆ. (ಬರೆಯುವಾಗ ನಾನೇ ಅತ್ತೆ, ನಾಚಿಕೆಗೇಡು.) “ಬೇಡ,” ಎಂದರು.

ಅಂತ್ಯ ಆ: ಯಾರೂ ಇಲ್ಲದಾಗ ಇಲ್ಲೇ ಶಾಲು ಹೊದೆಸುವುದು. “ಸೆಕೆ,” ಎಂದರು.

“ಹಾಗಾದರೆ ಈ ಕಥೆಯ ಕೊನೆಯ ಮಾತಾದರೂ ನಿಮ್ಮದಿರಲಿ, ಪೊಕ್ಕರಿಚ್ಚ,” ಎಂದೆ.

“ಬೇಡ.”