ನಲವತ್ತೊಂದು ಹಣೆಗಳು

"ಯಾರು ಮುಟ್ಟಿದ್ದು ಇವನ್ನ?"

ಶರಣ್ಯಾ ಚಪ್ಪಲಿ ಕೂಡ ಬಿಡದೆ ಕೂಗಿದಳು. ಕಿಟಕಿ ಪಕ್ಕದ ಮೇಜಿನ ಮೇಲೆ ಕಿತ್ತೂರಿನ ನಲವತ್ತೊಂದು ಮಂದಿ ಸೈನಿಕರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬನೂ ಹೆಬ್ಬೆರಳಿನಷ್ಟೇ ಎತ್ತರದ ಲೋಹದ ಗೊಂಬೆ. ಒಬ್ಬೊಬ್ಬನ ಹಣೆಯಲ್ಲೂ ಕುಂಕುಮ.

ಅಡುಗೆಮನೆಯಿಂದ ಕಲ್ಯಾಣಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಬೈಲಹೊಂಗಲ ಬಿಟ್ಟು ಮಗಳ ಜೊತೆ ಚಂದ್ರಾ ಲೇಔಟಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಮಾತು ಮಾತ್ರ ಅಲ್ಲಿಯದೇ.

"ನಾನ ಹಚ್ಚೀನಿ. ಕೈಯಾಗ ಕತ್ತಿ, ಬಂದೂಕ ಹಿಡ್ಕೊಂಡು ನಿಂತಾರ. ಇವತ್ತ ಆಯುಧ ಪೂಜಿ. ಮಿಕ್ಸರಿಗೆ ಹಚ್ಚಿ ಇವರನ್ನ ಬರೀ ಹಣಿಲೆ ಬಿಡಬೇಕೇನು?"

ಹದಿನಾಲ್ಕು ತಿಂಗಳು ಕೂತು ಬಣ್ಣ ಹಚ್ಚಿದ್ದಳು. ದಿನಾ ಬೆಳಿಗ್ಗೆ ಐದೂವರೆಯಿಂದ ಆರೂಕಾಲರವರೆಗೆ. ಆಮೇಲೆ ರಾಜಾಜಿನಗರದ ಬಸ್ಸು, ರಕ್ತಪರೀಕ್ಷೆಯ ಲ್ಯಾಬು, ಇನ್ನೂರು ಸೀಸೆ, ಭಾನುವಾರವೂ ಬಿಡದ ಡಾಕ್ಟರ ಫೋನು. ಒಂದು ಬೆಳಿಗ್ಗೆ ಎರಡು ರುಮಾಲು, ಇನ್ನೊಂದು ಬೆಳಿಗ್ಗೆ ನಾಲ್ಕು ಮೀಸೆ. ಕೊನೆಯ ಮುಖ ಮುಗಿದದ್ದು ನಿನ್ನೆ. ಬಣ್ಣ ಕಾಯುವ ವಾರ್ನಿಶ್ ಇವತ್ತು ಹೊಡೆಯಬೇಕಿತ್ತು. ಭಾನುವಾರ ಇಂಥ ಗೊಂಬೆಗಳ ಪ್ರದರ್ಶನ.

ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಬ್ಬನ ಹಣೆ ಉಜ್ಜಿದಳು. ಕುಂಕುಮದ ಜೊತೆಗೆ ಹುಬ್ಬು, ಕಣ್ಣು ಎಲ್ಲ ಬಂತು. ಒಳಗಿನ ಲೋಹ ಬೂದಿಯಂತೆ ಕಂಡಿತು.

"ನೋಡು! ಮುಖಾನೇ ಹೋಯ್ತು!"

"ಹಂಗ ತಿಕ್ಕಿದ್ರ ಹೋಗದ ಏನಾಗತೈತಿ? ಲ್ಯಾಬಿನಾಗ ನೀ ಮಶಿನ್ನಿಗೆ ಹಚ್ಚಲಿಲ್ಲೇನು? ನಿನ್ನ ಬೆರಳ ನೋಡ್ಕೋ."

ಉಂಗುರದ ಬೆರಳು ಕೆಂಪಾಗಿಯೇ ಇತ್ತು. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಅದು ಮಶಿನ್ ಅವ್ವಾ, ಒರೆಸಿದ್ರೆ ಹೋಗುತ್ತೆ! ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ? ನಂದು ಅಂತ ಈ ಮನೇಲಿ ಒಂದು ಮೇಜೂ ಇರಬಾರದಾ?"

ಆಗ ಕಂಡಿತು: ಮೇಜಿನ ತುದಿಯಲ್ಲಿದ್ದ ಹನ್ನೆರಡು ಇಂಗ್ಲಿಷ್ ಸಿಪಾಯಿಗಳು ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಇವರನ್ನ್ಯಾಕೆ ತಿರುಗಿಸಿದೆ?"

"ಆ ಕೆಂಪಂಗಿಯವರಿಗೆ ನಾ ಹಚ್ಚಂಗಿಲ್ಲ. ನಮ್ಮ ಮ್ಯಾಲೆ ಏರಿ ಬಂದವರು."

"ಹೌದಾ! ಹಾಗಾದ್ರೆ ಭಾನುವಾರ ಬರೀ ಅವರನ್ನೇ ತಗೊಂಡ್ಹೋಗ್ತೀನಿ. ನಿನ್ನ ಕಿತ್ತೂರಿನೋರು ಮನೇಲೇ ಪೂಜೆ ಮಾಡಿಸ್ಕೊಂಡು ಬಿದ್ದಿರಲಿ!"

ಕಲ್ಯಾಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಐದೂವರೆಗೆ ಶರಣ್ಯಾ ಮೇಜಿಗೆ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ. ಉಳಿದದ್ದು ಮೂರು ಬೆಳಗು; ಎಷ್ಟು ಮುಖ ಆದರೆ ಅಷ್ಟು. ಭೂತಗನ್ನಡಿಯ ದೀಪವನ್ನು ಎಳೆದುಕೊಂಡು ಎರಡನೆಯವನನ್ನು ಹಿಡಿದಳು. ಬೊಟ್ಟು ಸಾಸಿವೆಗಿಂತ ಸಣ್ಣದು. ಸರಿಯಾಗಿ ಎರಡು ಹುಬ್ಬುಗಳ ನಡುವೆ. ಹುಬ್ಬಿಗೆ ಒಂದಿಷ್ಟೂ ತಾಗಿಲ್ಲ. ಮೂರನೆಯವನದೂ ಹಾಗೆಯೇ. ಹತ್ತನೆಯವನದೂ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವ ಕೈ ಅದು.

ಕುಂಚಗಳ ಲೋಟದ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಬಿದ್ದಿತ್ತು. ತುದಿಯನ್ನು ಕಚ್ಚಿ ಕಚ್ಚಿ ಕುಂಚದ ಹಾಗೆ ಮಾಡಲಾಗಿತ್ತು; ಅದಕ್ಕೆ ಕುಂಕುಮ ಅಂಟಿತ್ತು.

ಅವಳು ಹತ್ತಿ ಅದ್ದಿದಳು, ಉಜ್ಜಿದಳು. ಒಂದೊಂದೇ ಮುಖ ಅಳಿಯುತ್ತ ಹೋಯಿತು. ಕಲ್ಯಾಣಮ್ಮ ಬಂದು ಮೇಜಿನಿಂದ ಮಾರು ದೂರ, ನೆಲದ ಮೇಲೆ ಚಹಾ ಇಟ್ಟು ಹೋದರು. ಅವಳು ತಲೆಯೆತ್ತಲಿಲ್ಲ.

ಆರೂಕಾಲಕ್ಕೆ ಐದು ಮುಖಗಳು ಮರಳಿ ಬಂದಿದ್ದವು. ಕುಂಚಗಳನ್ನು ತೊಳೆದು ಲೋಟದಲ್ಲಿ ನಿಲ್ಲಿಸಿದಳು. ಕಸಕ್ಕೆಂದು ಎತ್ತಿಕೊಂಡ ಬೆಂಕಿಕಡ್ಡಿಯನ್ನೂ ನಲ್ಲಿಗೆ ಹಿಡಿದು, ಅವುಗಳ ನಡುವೆ ಸಿಕ್ಕಿಸಿದಳು. ತುದಿ ಇನ್ನೂ ಕೆಂಪಾಗಿಯೇ ಇತ್ತು.